ಗಮ್‌ಬೂಟು ಹಾಕಿಕೊಂಡು ಹತ್ತುವ ಬೆಟ್ಟ

ನಮ್ಮ ಚಾರಣದ ಗೆಳೆಯರು ಸೇರಿದ್ದಾಗ ಉಗಾಂಡಾದ ರುವೆಂಜೋರಿ ಬೆಟ್ಟಸಾಲಿನ ಬಗ್ಗೆ ಮಾತಾಡಿದ್ದೆ. ಅವತ್ತು ಬರಲಾಗದವರು ಬರೆದು ಕಳಿಸು ಅಂತ ದುಂಬಾಲು ಬಿದ್ದರು. ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೇನೆ, ಕೊನೆಗೆ ಕೇಳಿದ ಪ್ರಶ್ನೆಗಳೂ ಇವೆ. ಸ್ಲೈಡುಗಳಿಲ್ಲ. ಅವಿಲ್ಲದೆಯೂ ನಡೆಯುತ್ತೆ ಬಿಡಿ, ಅರ್ಧಕ್ಕರ್ಧ ಫೋಟೋಗಳಲ್ಲಿ ಬರೀ ಮಂಜೇ ಇತ್ತು.

ಆಫ್ರಿಕಾದ ಬೆಟ್ಟ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವುದು ಕಿಲಿಮಂಜಾರೊ. ಸರಿಯೇ, 5895 ಮೀಟರ್, ಇಡೀ ಖಂಡದಲ್ಲಿ ಅದೇ ಎತ್ತರ. ಎರಡನೆಯದು ಮೌಂಟ್ ಕೆನ್ಯಾ, 5199 ಮೀಟರ್. ಮೂರನೆಯದು ಯಾವುದು ಅಂತ ಕೇಳಿದರೆ ಚಾರಣದ ಹುಚ್ಚಿರುವವರೂ ತಡವರಿಸುತ್ತಾರೆ. ಅದು ರುವೆಂಜೋರಿಯ ಸ್ಟ್ಯಾನ್ಲಿ ಪರ್ವತದ ಮೇಲಿರುವ ಮಾರ್ಗರೀಟಾ ಶಿಖರ, 5109 ಮೀಟರ್. ಉಗಾಂಡಾದ ಪಶ್ಚಿಮದ ತುದಿ ಅದು, ಬೆಟ್ಟದ ನೆತ್ತಿಯಲ್ಲೇ ಗಡಿ ಹಾದುಹೋಗುತ್ತದೆ, ಆ ಕಡೆ ಇಳಿದರೆ ಕಾಂಗೊ. ಸಮಭಾಜಕ ವೃತ್ತದಿಂದ ಐವತ್ತು ಕಿಲೋಮೀಟರೂ ದೂರವಿಲ್ಲ. ಆದರೂ ಮೇಲೆ ಹಿಮ.

ಆದರೆ ನಾನು ಶಿಖರದ ಕಥೆ ಹೇಳೋಕೆ ಬಂದಿಲ್ಲ. ಕೆಸರಿನ ಕಥೆ ಹೇಳಬೇಕು. ಅಲ್ಲಿಗೆ ಹೋಗಿಬಂದ ಮೇಲೆ ನನಗೆ ಅನಿಸಿದ್ದು ಇಷ್ಟೇ: ಎಲ್ಲರೂ ಮೇಲಿನ ಹಿಮದ ಬಗ್ಗೆ ಮಾತಾಡುತ್ತಾರೆ, ಬೆಟ್ಟದ ಜೀವ ಇರುವುದು ಮಾತ್ರ ಕೆಳಗಿನ ಜೌಗಿನಲ್ಲಿ.

ಮೊದಲು ಬೆಟ್ಟ ಹೇಗೆ ಎದ್ದಿತು ಅಂತ ನೋಡೋಣ, ಯಾಕೆಂದರೆ ಕೆಸರಿನ ಮೂಲ ಅಲ್ಲೇ ಇದೆ. ಕಿಲಿಮಂಜಾರೊ, ಕೆನ್ಯಾ ಎರಡೂ ಜ್ವಾಲಾಮುಖಿ ಕಟ್ಟಿದ ಬೆಟ್ಟಗಳು. ರುವೆಂಜೋರಿ ಹಾಗಲ್ಲ. ಪೂರ್ವ ಆಫ್ರಿಕಾದಲ್ಲಿ ನೆಲ ಸೀಳಿಕೊಳ್ಳುತ್ತಿದೆ, ರಿಫ್ಟ್ ಕಣಿವೆ ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಆ ಬಿರುಕುಗಳ ನಡುವೆ ಸಿಕ್ಕಿಕೊಂಡ ಒಂದು ದೊಡ್ಡ ಬಂಡೆಯ ತುಂಡು ಮೇಲಕ್ಕೆ ಎದ್ದು ಬಂದಿದೆ. ಸುಮಾರು 120 ಕಿಲೋಮೀಟರ್ ಉದ್ದದ ತುಂಡು. ಕಲ್ಲು ಬಹಳ ಹಳೆಯದು, ನೈಸ್ (gneiss) ಅನ್ನುವ ಶಿಲೆಯ ಜಾತಿಯದು, ನಮ್ಮ ಲಾಲ್‌ಬಾಗಿನ ಬಂಡೆಯೂ ಅದೇ ಜಾತಿ. ಆದರೆ ಬೆಟ್ಟವಾಗಿ ಎದ್ದದ್ದು ಭೂಮಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ.

ಹಾಗಾಗಿ ಇಲ್ಲಿ ಕಿಲಿಮಂಜಾರೊ ಥರ ಒಂದೇ ಗೋಪುರ ಇಲ್ಲ. ಆರು ಪರ್ವತಗಳಿವೆ: ಸ್ಟ್ಯಾನ್ಲಿ, ಸ್ಪೀಕ್, ಬೇಕರ್, ಎಮಿನ್, ಗೆಸ್ಸಿ, ಲೂಯಿಜಿ ಡಿ ಸವೋಯಾ. ಒಂದೊಂದಕ್ಕೂ ಹಲವು ತಲೆ. ಹೆಸರುಗಳೆಲ್ಲ ಯುರೋಪಿನವರದು, ಇದರ ಬಗ್ಗೆ ಮುಂದೆ ಒಂದು ಮಾತು ಹೇಳುತ್ತೇನೆ. ಈ ಆರರ ನಡುವೆ ಆಳವಾದ ಕಣಿವೆಗಳು. ಹಿಂದೆ ಹಿಮನದಿಗಳು ಇಳಿದು ಬಂದು ಈ ಕಣಿವೆಗಳ ತಳವನ್ನು ಅಗಲವಾಗಿ, ಸಪಾಟಾಗಿ ಕೆರೆದು ಹೋಗಿವೆ. ಸಪಾಟು ತಳಕ್ಕೆ ಬಿದ್ದ ನೀರು ಹರಿದು ಹೋಗುವುದಕ್ಕೆ ಇಳಿಜಾರೇ ಇಲ್ಲ. ನಿಂತಲ್ಲೇ ನಿಲ್ಲುತ್ತದೆ.

ಇನ್ನು ಮಳೆ. ವರ್ಷಕ್ಕೆ ಎರಡರಿಂದ ಮೂರು ಸಾವಿರ ಮಿಲಿಮೀಟರ್. ಇದನ್ನು ಹೇಳಿದಾಗ ಮುಂದೆ ಕೂತಿದ್ದ ತೀರ್ಥಹಳ್ಳಿಯ ಗೆಳೆಯರೊಬ್ಬರು ನಕ್ಕೇಬಿಟ್ಟರು. ನಗಬೇಕಾದ್ದೇ. ಆಗುಂಬೆಯಲ್ಲಿ 7000 ಮಿಲಿಮೀಟರ್ ದಾಟುತ್ತದೆ. ಆದರೆ ಆಗುಂಬೆಯ ಮಳೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೀಳುವುದು ನಾಲ್ಕು ತಿಂಗಳಲ್ಲಿ, ಆಮೇಲೆ ಬಿಸಿಲು ಬರುತ್ತದೆ, ಮಾರ್ಚ್ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಬೆಂಕಿ ಹತ್ತುವ ಭಯ ಇರುತ್ತದೆ. ರುವೆಂಜೋರಿಯಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಮಳೆ ಇಲ್ಲದಾಗ ಮಂಜು. ಕಾಂಗೊ ಕಡೆಯ ದಟ್ಟ ಕಾಡಿನ ತೇವ ಬಂದು ಬೆಟ್ಟಕ್ಕೆ ಬಡಿಯುತ್ತಲೇ ಇರುತ್ತದೆ. ಮೇಲೆ ಚಳಿ, ಮೋಡ, ಹಾಗಾಗಿ ನೀರು ಆವಿಯಾಗುವುದೂ ಕಡಿಮೆ. ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ. ಕಪ್ಪಗೆ, ಮೆತ್ತಗೆ, ಪದರದ ಮೇಲೆ ಪದರ ಕೂರುತ್ತಾ ಹೋಗುತ್ತದೆ. ಇದಕ್ಕೆ ಪೀಟ್ ಅಂತಾರೆ. ಒಮ್ಮೆ ಪೀಟ್ ಕೂತಿತೆಂದರೆ ಅದು ಇನ್ನಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಕೆಸರೇ ಕೆಸರನ್ನು ಬೆಳೆಸುತ್ತದೆ!

ಈ ಮಂಜಿನಿಂದಲೇ ಹೊರಗಿನವರಿಗೆ ಬೆಟ್ಟ ತುಂಬಾ ಕಾಲ ಕಾಣಿಸಲೇ ಇಲ್ಲ. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ನೈಲ್ ನದಿಯ ಮೂಲದಲ್ಲಿ ಚಂದ್ರನ ಬೆಟ್ಟಗಳಿವೆ, ಅಲ್ಲಿ ಹಿಮ ಇದೆ ಅಂತ ಬರೆದಿದ್ದ. ಅದು ಇದೇ ಬೆಟ್ಟ ಅಂತ ಬಹಳ ಜನ ನಂಬುತ್ತಾರೆ. ಅಷ್ಟು ಹಳೆಯ ಸುದ್ದಿಯಿದ್ದರೂ ಅನ್ವೇಷಕ ಹೆನ್ರಿ ಸ್ಟ್ಯಾನ್ಲಿ ಆ ಹಿಮ ಕಂಡದ್ದು 1888ರಲ್ಲಿ. ಅದಕ್ಕೂ ಮುಂಚೆ ಅದೇ ಸೀಮೆಗೆ ಬಂದಿದ್ದ, ಆಗ ಹಿಮ ಕಂಡಿರಲಿಲ್ಲ. ಆಮೇಲೆ 1906ರಲ್ಲಿ ಇಟಲಿಯ ಡ್ಯೂಕ್ ಆಫ್ ಅಬ್ರುಜಿ ದೊಡ್ಡ ದಂಡು ಕಟ್ಟಿಕೊಂಡು ಬಂದು ಮುಖ್ಯ ಶಿಖರಗಳನ್ನೆಲ್ಲ ಕೆಲವೇ ವಾರಗಳಲ್ಲಿ ಹತ್ತಿಬಿಟ್ಟ, ತಮ್ಮ ರಾಜಮಾತೆ ಮಾರ್ಗರೀಟಾಳ ಹೆಸರನ್ನು ಎತ್ತರದ ತುದಿಗೆ ಇಟ್ಟ. ಪಕ್ಕದ ತುದಿಗೆ ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾಳ ಹೆಸರು. ಲೂಯಿಜಿ ಡಿ ಸವೋಯಾ ಅಂದರೆ ಡ್ಯೂಕನೇ. ನಕ್ಷೆ ತೆಗೆದರೆ ಯಾವುದೋ ಅರಮನೆಯ ಮದುವೆ ಕರೆಯೋಲೆ ಓದಿದ ಹಾಗಾಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ತಲೆತಲಾಂತರದಿಂದ ಬಕೊಂಜೊ ಜನ ಇದ್ದಾರೆ. ಅವರಿಗೆ ಯಾರೂ ಬಂದು ಬೆಟ್ಟ ತೋರಿಸಬೇಕಾಗಿರಲಿಲ್ಲ. ಮೇಲಿನ ಹಿಮದಲ್ಲಿ ಕಿಟಸಾಂಬಾ ಅನ್ನುವ ದೇವರಿದ್ದಾನೆ ಅಂತ ಅವರ ನಂಬಿಕೆ. ಅವರದೇ ರ್ವೆಂಜುರೂರು ಅನ್ನುವ ಸಾಂಪ್ರದಾಯಿಕ ರಾಜ್ಯವೂ ಇದೆ, ಉಗಾಂಡಾ ಸರ್ಕಾರ 2009ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು.

ಈಗ ದಾರಿಗೆ ಬರೋಣ. ಬೆಟ್ಟದ ಬುಡದ ಊರು ಕಸೇಸೆ. ಬಿಸಿಲೋ ಬಿಸಿಲು, ಧೂಳು, ಬೆವರು. ರಸ್ತೆ ಬದಿಯ ಗಾಡಿಗಳಲ್ಲಿ ಚಪಾತಿ ಬೇಯಿಸಿ, ಅದರೊಳಗೆ ಮೊಟ್ಟೆ ಸುತ್ತಿ ಕೊಡುತ್ತಾರೆ. ಅದಕ್ಕೆ ರೋಲೆಕ್ಸ್ ಅಂತ ಹೆಸರು, ವಾಚಿಗೂ ಅದಕ್ಕೂ ಸಂಬಂಧ ಇಲ್ಲ. ಚಪಾತಿ ಮಾತ್ರ ನಮ್ಮ ಕಡೆಯಿಂದ ಹೋಗಿ ಉಳಿದುಕೊಂಡದ್ದು, ಹೆಸರೂ ಚಪಾತಿಯೇ. ಅಲ್ಲಿ ಹೊಟ್ಟೆ ತುಂಬಾ ತಿಂದುಕೊಂಡು ಹೊರಟರೆ ನ್ಯಾಕಲೆಂಗಿಜಾ ಅನ್ನುವ ಹಳ್ಳಿಯಿಂದ ನಡಿಗೆ ಶುರು, ಅಲ್ಲಿ ಎತ್ತರ ಸುಮಾರು 1600 ಮೀಟರ್. ಇದು ಹಳೆಯ ದಾರಿ. ಮಧ್ಯದ ಪರ್ವತಗಳನ್ನು ಸುತ್ತಿಕೊಂಡು ವಾಪಸ್ ಇಲ್ಲಿಗೇ ಬರುವುದಕ್ಕೆ ಸಾಮಾನ್ಯವಾಗಿ ಒಂದು ವಾರ ಬೇಕು. ದಕ್ಷಿಣದಲ್ಲಿ ಕಿಲೆಂಬೆ ಕಡೆಯಿಂದ ಇನ್ನೊಂದು ದಾರಿ ಇದೆ.

ಮೊದಲ ದಿನದ ಕಾಡು ನಮ್ಮ ಘಟ್ಟದವರಿಗೆ ಅಷ್ಟೇನೂ ಹೊಸದಲ್ಲ. ಜರಿಗಿಡ, ಬಳ್ಳಿ, ಕಪ್ಪುಬಿಳಿ ಕೊಲೊಬಸ್ ಕೋತಿಗಳು. ಅದೃಷ್ಟ ಇದ್ದರೆ ಮೂರು ಕೊಂಬಿನ ಗೋಸುಂಬೆ ಸಿಗುತ್ತದೆ. ರಾತ್ರಿ ಗುಡಿಸಲಿನ ಹೊರಗೆ ಯಾರೋ ಕತ್ತು ಹಿಸುಕಿದ ಹಾಗೆ ಕಿರುಚಾಟ ಕೇಳಿದರೆ ಗಾಬರಿ ಬೇಡ, ಅದು ಹೈರಾಕ್ಸ್. ಮೊಲದಷ್ಟು ಗಾತ್ರದ ಪ್ರಾಣಿ, ಸಂಬಂಧದಲ್ಲಿ ಆನೆಗೆ ಹತ್ತಿರ. ನಂಬಲಿಕ್ಕೆ ಕಷ್ಟ, ಆದರೆ ನಿಜ. ಆಮೇಲೆ ಬಿದಿರು. ಬಿದಿರು ಮುಗಿದ ಮೇಲೆ ಹೀದರ್ ಕಾಡು. ಬೇರೆ ದೇಶಗಳಲ್ಲಿ ಮೊಣಕಾಲೆತ್ತರದ ಪೊದೆ ಇದು, ಇಲ್ಲಿ ಮರವಾಗಿ ಬೆಳೆಯುತ್ತದೆ. ಕೊಂಬೆಗಳಿಗೆಲ್ಲ ದಪ್ಪಗೆ ಹಾವಸೆ ಮೆತ್ತಿಕೊಂಡಿರುತ್ತದೆ, ಅದರಿಂದ ಕಲ್ಲುಹೂವಿನ ಜಾತಿಯ ಎಳೆಗಳು ಮಾರುದ್ದ ಇಳಿಬಿದ್ದಿರುತ್ತವೆ. ಕೈಯಲ್ಲಿ ಹಿಂಡಿದರೆ ನೀರು ಸುರಿಯುತ್ತದೆ. ಮಳೆ ನಿಂತು ಅರ್ಧ ಗಂಟೆ ಆದರೂ ಮರದ ಕೆಳಗೆ ಮಳೆಯೇ.

ಅದು ದಾಟಿದ ಮೇಲೆ ಬಿಗೊ ಜೌಗು. ಇದರ ಬಗ್ಗೆ ನಿಧಾನಕ್ಕೆ ಹೇಳಬೇಕು.

ದೂರದಿಂದ ನೋಡಿದರೆ ಹುಲ್ಲುಗಾವಲು. ಹತ್ತಿರ ಹೋದರೆ ಹುಲ್ಲು ಒಂದೇ ಸಮನೆ ಇಲ್ಲ, ಗುಡ್ಡೆ ಗುಡ್ಡೆಯಾಗಿದೆ. ಒಂದೊಂದು ಗುಡ್ಡೆ ಮೊಣಕಾಲೆತ್ತರ, ಜೇಕಿನ ಜಾತಿಯ ಹುಲ್ಲು. ಗುಡ್ಡೆಗಳ ನಡುವೆ ಕಪ್ಪು ನೀರು. ಎಷ್ಟು ಆಳ ಅಂತ ಕೋಲು ಇಳಿಸಿ ನೋಡಬೇಕು, ಕೆಲವು ಕಡೆ ಕೋಲೇ ಪೂರ್ತಿ ಇಳಿಯುತ್ತದೆ. ಗುಡ್ಡೆಯಿಂದ ಗುಡ್ಡೆಗೆ ಕಾಲಿಟ್ಟು ಹೋಗಬೇಕು. ನೆತ್ತಿಯ ಮೇಲೆ ನಟ್ಟ ನಡುವೆ ಕಾಲಿಟ್ಟರೆ ನಿಲ್ಲುತ್ತದೆ, ಅಂಚಿಗೆ ಇಟ್ಟರೆ ಗುಡ್ಡೆ ವಾಲುತ್ತದೆ, ನೀವೂ ವಾಲುತ್ತೀರಿ. ಬೂಟು ಹುದುಲಿನಲ್ಲಿ ಹೂತರೆ ಜೋರಾಗಿ ಮೇಲಕ್ಕೆ ಎಳೆಯಬಾರದು, ಕಾಲು ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಹಿಮ್ಮಡಿಯನ್ನು ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ, ಒಳಗೆ ಗಾಳಿ ಹೋಗಲು ಬಿಟ್ಟು, ಆಮೇಲೆ ಎತ್ತಬೇಕು. ಪುಳಕ್ ಅಂತ ಶಬ್ದ ಬಂದರೆ ಬೂಟು ಬಿಟ್ಟಿತು ಅಂತ ಅರ್ಥ. ಗದ್ದೆ ನಾಟಿ ಮಾಡಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಇಲ್ಲಿ ಸಾವಿರಾರು ರೂಪಾಯಿಯ ಟ್ರೆಕಿಂಗ್ ಶೂ ಕೆಲಸಕ್ಕೆ ಬರುವುದಿಲ್ಲ. ವಾಟರ್‌ಪ್ರೂಫ್ ಅಂತ ಡಬ್ಬದ ಮೇಲೆ ಬರೆದಿದ್ದರೂ ಅಷ್ಟೇ, ನೀರು ಮೇಲಿನಿಂದ ಒಳಗೆ ಹೋದ ಮೇಲೆ ಆ ಚಳಿಯಲ್ಲಿ ಒಣಗುವ ಮಾತೇ ಇಲ್ಲ. ಗೈಡುಗಳು, ಪೋರ್ಟರ್‌ಗಳು, ಚಾರಣಿಗರು ಎಲ್ಲರೂ ಹಾಕುವುದು ಮೊಣಕಾಲುದ್ದದ ಮಾಮೂಲಿ ರಬ್ಬರ್ ಗಮ್‌ಬೂಟು, ನಮ್ಮ ತೋಟದ ಕೆಲಸದವರು ಹಾಕಿಕೊಳ್ಳುತ್ತಾರಲ್ಲ ಅದೇ. ಒಂದು ಸೈಜ್ ದೊಡ್ಡದು ತಗೊಂಡು, ಒಳಗೆ ಮೆತ್ತನೆಯ ಅಟ್ಟೆ ಹಾಕಿ, ಉದ್ದನೆಯ ಉಣ್ಣೆ ಕಾಲುಚೀಲ ಎರಡು ಜೊತೆ ಹಾಕಿಕೊಳ್ಳಬೇಕು. ಗಿಡ್ಡ ಕಾಲುಚೀಲ ಹಾಕಿದರೆ ಬೂಟಿನ ಬಾಯಿ ಮೀನಖಂಡಕ್ಕೆ ಉಜ್ಜಿ ಉಜ್ಜಿ ಚರ್ಮ ಕೀಳುತ್ತದೆ. ಹಿಮ ಹತ್ತುವ ಬೂಟು ಹಾಕುವುದು ಕೊನೆಯ ಗುಡಿಸಲಿನಲ್ಲಿ ಮಾತ್ರ, ಅಲ್ಲಿವರೆಗೆ ಅದು ಮೂಟೆಯಲ್ಲಿ.

ಈಗ ಬಿಗೊದಲ್ಲಿ ಬಹಳಷ್ಟು ದೂರ ಮರದ ಹಲಗೆ ದಾರಿ ಇದೆ. ಇದರಿಂದ ಸಾಹಸದ ಮಜಾ ಹೋಯಿತು ಅಂತ ಗೊಣಗುವವರನ್ನು ನೋಡಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹಲಗೆ ಇಲ್ಲದಾಗ ಪ್ರತಿಯೊಬ್ಬನೂ ಹಿಂದಿನವನು ತುಳಿದು ಹಾಳು ಮಾಡಿದ ಜಾಗ ಬಿಟ್ಟು ಪಕ್ಕಕ್ಕೆ ಹೋಗುತ್ತಾನೆ, ಹೀಗೆ ಕೆಸರಿನ ದಾರಿ ಅಗಲವಾಗುತ್ತಲೇ ಹೋಗುತ್ತದೆ. ಆ ಒಂದು ಹುಲ್ಲುಗುಡ್ಡೆ ಅಷ್ಟೆತ್ತರ ಬೆಳೆಯುವುದಕ್ಕೆ ಎಷ್ಟೋ ವರ್ಷ ಬೇಕು. ನಮ್ಮ ಮಜಾಕ್ಕೆ ಅದನ್ನು ತುಳಿಯಬೇಕಾ?

ಜೌಗಿನಲ್ಲಿ ನಿಂತು ಸುತ್ತ ನೋಡಿದರೆ ಗಿಡಗಳೆಲ್ಲ ವಿಚಿತ್ರ ಗಾತ್ರದವು. ಲೊಬೀಲಿಯಾ ಅನ್ನುವ ಗಿಡ ಆಳೆತ್ತರ, ಎರಡಾಳೆತ್ತರದ ಹೂಗೊನೆ ಬಿಟ್ಟು ಕಂಬದ ಹಾಗೆ ನಿಂತಿರುತ್ತದೆ. ಇದರ ನೆಂಟ ನಮ್ಮಲ್ಲೂ ಇದ್ದಾನೆ. ಬಾಬಾಬುಡನ್‌ಗಿರಿ, ಕುದುರೆಮುಖದ ಹುಲ್ಲುಗುಡ್ಡಗಳಲ್ಲಿ ಬಿಳಿ ಹೂವಿನ ಉದ್ದ ಗೊನೆ ಬಿಡುವ, ಒಳಗೆ ಟೊಳ್ಳು ಕಾಂಡವಿರುವ ಕಾಡು ಹೊಗೆಸೊಪ್ಪು ನೋಡಿದ್ದೀರಲ್ಲ? ಅದೂ ಲೊಬೀಲಿಯಾನೇ. ಅಲ್ಲಿನದು ಬದುಕಬೇಕಾದ ರೀತಿ ಮಾತ್ರ ಬೇರೆ. ಹಗಲು ಸೂರ್ಯ ನೆತ್ತಿಯ ಮೇಲೆ, ರಾತ್ರಿ ಸೊನ್ನೆಗಿಂತ ಕೆಳಗೆ. ಬೇಸಿಗೆ, ಚಳಿಗಾಲ ಅಂತ ಬೇರೆ ಬೇರೆ ಇಲ್ಲ, ಒಂದೇ ದಿನದಲ್ಲಿ ಎರಡೂ ಬಂದು ಹೋಗುತ್ತವೆ. ಜೌಗಿನಲ್ಲಿ ಬೆಳೆಯುವ ಒಂದು ಜಾತಿಯ ಲೊಬೀಲಿಯಾ ತನ್ನ ಎಲೆಗಳ ಬಟ್ಟಲಿನಲ್ಲಿ ನೀರು ತುಂಬಿಕೊಂಡಿರುತ್ತದೆ. ಬೆಳಗ್ಗೆ ಬೇಗ ಎದ್ದು ಆ ಬಟ್ಟಲಿಗೆ ಬೆರಳು ಇಟ್ಟು ನೋಡಿ. ಮೇಲೆ ತೆಳ್ಳಗೆ ಮಂಜುಗಡ್ಡೆಯ ಬಿಲ್ಲೆ, ಮೆಲ್ಲಗೆ ಒತ್ತಿದರೆ ಟಿಕ್ ಅಂತ ಒಡೆಯುತ್ತದೆ. ಅದರ ಕೆಳಗೆ ನೀರು ಹೆಪ್ಪುಗಟ್ಟಿರುವುದಿಲ್ಲ, ಗಿಡದ ಎಳೆಯ ಮೊಗ್ಗು ಆ ನೀರಿನ ತಳದಲ್ಲಿ ಸುರಕ್ಷಿತ. ಅಂದರೆ ಈ ಗಿಡ ತನ್ನ ಮೊಗ್ಗಿಗೆ ಹೊದಿಸುವುದು ನೀರನ್ನೇ. ಬೆಳಕು ಬಲಿತ ಮೇಲೆ ಸೂರಕ್ಕಿಗಳು ಬಂದು ಹೂವಿಗೆ ಕೊಕ್ಕು ಹಾಕುತ್ತವೆ.

ಇನ್ನೊಂದು ಗ್ರೌಂಡ್‌ಸೆಲ್. ಸೂರ್ಯಕಾಂತಿಯ ಕುಟುಂಬದ್ದು, ಆದರೆ ಮರ. ದಪ್ಪ ಕಾಂಡ, ತುದಿಗೆ ಎಲೆಕೋಸಿನಂಥ ಗುಚ್ಛ. ಒಣಗಿದ ಎಲೆಗಳನ್ನು ಉದುರಿಸುವುದೇ ಇಲ್ಲ, ಕಾಂಡಕ್ಕೆ ಸುತ್ತಿಕೊಂಡೇ ಇರುತ್ತದೆ, ಅದೇ ಅದಕ್ಕೆ ಸ್ವೆಟರ್. ಬುಜುಕು ಕೆರೆಯ ಆಚೆ ಮೇಲೇರುವ ಕಣಿವೆಯಲ್ಲಿ ಇವುಗಳದೇ ಕಾಡು.

ಈಗ ಹಿಮಕ್ಕೆ ಬರುತ್ತೇನೆ, ಬೇಗ ಮುಗಿಸುತ್ತೇನೆ. ಎಲೆನಾ ಗುಡಿಸಲು 4541 ಮೀಟರ್‌ನಲ್ಲಿ, ಬರೀ ಕಲ್ಲಿನ ಮೇಲೆ. ಅಲ್ಲಿಂದ ನಡುರಾತ್ರಿ ಕಳೆದ ಮೇಲೆ ಹೊರಟು, ಹಗ್ಗ ಕಟ್ಟಿಕೊಂಡು, ಬೂಟಿಗೆ ಮುಳ್ಳು ಹಾಕಿಕೊಂಡು ಎರಡು ಹಿಮನದಿ ದಾಟಿದರೆ ಮಾರ್ಗರೀಟಾ. ಹಿಮ ಕರಗಿ ಬಿರುಕು ಬಿಡುತ್ತಿರುವುದರಿಂದ ದಾರಿಯನ್ನು ಆಗಾಗ ಬದಲಿಸಬೇಕಾಗುತ್ತದೆ. ಡ್ಯೂಕನ ಜೊತೆ ವಿತ್ತೋರಿಯೊ ಸೆಲ್ಲಾ ಅನ್ನುವ ಫೋಟೋಗ್ರಾಫರ್ ಬಂದಿದ್ದ. ಆತನ ಫೋಟೋಗಳನ್ನು ಈಗಿನದರ ಪಕ್ಕ ಇಟ್ಟು ನೋಡಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. 1906ರಲ್ಲಿ ಆರು ಪರ್ವತಗಳ ಮೇಲೂ ಹಿಮನದಿ ಇತ್ತು. 1987ರಲ್ಲಿ ಎಲ್ಲಾ ಸೇರಿ ಸುಮಾರು ಎರಡು ಚದರ ಕಿಲೋಮೀಟರ್. 2003ರ ಹೊತ್ತಿಗೆ ಹೆಚ್ಚುಕಡಿಮೆ ಒಂದು. ಆಮೇಲೂ ಇಳಿಯುತ್ತಲೇ ಇದೆ.

ಇದನ್ನು ಕೇಳಿದವರೆಲ್ಲ ಮೊದಲು ಹೇಳುವ ಮಾತು, ಅಯ್ಯೋ, ಹಿಮ ಹೋದರೆ ಕೆಳಗಿನ ಜನಕ್ಕೆ ನೀರಿಗೇನು ಗತಿ ಅಂತ. ಹಿಮಾಲಯದ ಸುದ್ದಿ ಓದಿ ಓದಿ ನಮ್ಮ ತಲೆಯಲ್ಲಿ ಅದೇ ಕೂತಿದೆ. ರುವೆಂಜೋರಿಯಲ್ಲಿ ಹೊಳೆಗಳನ್ನು ಅಳೆದು ನೋಡಿದ ವಿಜ್ಞಾನಿಗಳಿಗೆ ಸಿಕ್ಕಿದ್ದು ಬೇರೆಯೇ. ಬೆಟ್ಟದ ಬುಡದಲ್ಲಿ ಹರಿಯುವ ನೀರಿನಲ್ಲಿ ಹಿಮದಿಂದ ಕರಗಿ ಬಂದದ್ದು ಶೇಕಡಾ 2ಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಮಳೆ, ಆ ಮಳೆಯನ್ನು ತಡೆದು ನಿಧಾನಕ್ಕೆ ಬಿಡುವ ಕಾಡು, ಹಾವಸೆ, ಜೌಗು. ನಾವು ಶಾಪ ಹಾಕಿಕೊಂಡು ದಾಟಿದ ಆ ಕೆಸರೇ ಊರಿನವರ ನೀರಿನ ತೊಟ್ಟಿ, ಇಲ್ಲಿನ ನೀರು ಹೋಗಿ ಸೇರುವುದು ನೈಲ್ ನದಿಯನ್ನು. ಹಿಮ ಕರಗುವುದು ದುಃಖದ ಸಂಗತಿಯೇ, ಕಿಟಸಾಂಬಾನ ಮನೆ ಕರಗುತ್ತಿದೆ ಅಂತ ಸಂಕಟಪಡುವ ಹಿರಿಯರಿಗೆ ಅದು ಬರೀ ಹವಾಮಾನದ ಮಾತೂ ಅಲ್ಲ. ಆದರೆ ಹೀದರ್ ಕಾಡಿಗೆ ಬೆಂಕಿ ಬಿದ್ದರೆ, ಜೌಗು ಒಣಗಿದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು ಅನ್ನೋದು ನನ್ನ ಅಭಿಪ್ರಾಯ. ಇಷ್ಟು ಒದ್ದೆ ಬೆಟ್ಟಕ್ಕೆ ಬೆಂಕಿಯಾ ಅಂತೀರಾ? 2012ರಲ್ಲಿ ಮೇಲಿನ ಹೀದರ್ ಪಟ್ಟಿಯಲ್ಲೇ ಬೆಂಕಿ ಹತ್ತಿತ್ತು. ಮರುವರ್ಷ, ಆಮೇಲೆ 2020ರಲ್ಲಿ, ಕಿಲೆಂಬೆಯ ನ್ಯಾಮ್ವಾಂಬಾ ಹೊಳೆ ಉಕ್ಕಿ ಮನೆ, ಸೇತುವೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು, ಬಂಡೆಗಳನ್ನು ತಂದು ಊರೊಳಗೆ ಗುಡ್ಡೆ ಹಾಕಿತು. ಹಿಂದೆ ತಾಮ್ರದ ಗಣಿಯಿಂದ ಬೆಳೆದ ಊರದು, ತಾಮ್ರಕ್ಕೋಸ್ಕರವೇ ಕಸೇಸೆಗೆ 1956ರಲ್ಲಿ ರೈಲು ಬಂದಿತ್ತು.

'ಕರಗುವ ಮುಂಚೆ ಕೊನೆಯ ಹಿಮ ನೋಡಿ ಬನ್ನಿ' ಅಂತ ಜಾಹೀರಾತು ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಾಯುತ್ತಿರುವವರ ಮನೆಗೆ ಸೆಲ್ಫಿಗೆ ಹೋಗೋದಾ?

ಪೋರ್ಟರ್‌ಗಳ ಬಗ್ಗೆ ಹೇಳದೆ ಮುಗಿಸಬಾರದು. ಬಹುಪಾಲು ಬಕೊಂಜೊ ಹುಡುಗರು, ಈಗೀಗ ಹೆಣ್ಣುಮಕ್ಕಳೂ ಇದ್ದಾರೆ. 1991ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಗೆರೆ ಎಳೆದಾಗ ಬಿದಿರು, ಜೇನು, ಬೇಟೆಗೆ ಮೇಲೆ ಹೋಗುತ್ತಿದ್ದವರಿಗೆ ದಾರಿ ಮುಚ್ಚಿತು. 1994ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆಮೇಲೆ ಬಂಡುಕೋರರ ಹಾವಳಿಯಿಂದ 1997ರಿಂದ 2001ರವರೆಗೆ ಉದ್ಯಾನವೇ ಬಂದ್. ಚಾರಣಿಗರು ಬಂದರೆ ಮಾತ್ರ ಕೆಲಸ, ಬರದಿದ್ದರೆ ಹೊಲ. ರಾತ್ರಿ ಅವರ ಅಡುಗೆ ಒಲೆಯ ಹತ್ತಿರ ಹೋಗಿ ಕೂತೆ. ಮರಗೆಣಸಿನ ಹಿಟ್ಟಿನಲ್ಲಿ ಬುಂಡು ಅಂತ ಮುದ್ದೆ ತೊಳಸುತ್ತಾರೆ, ಜೊತೆಗೆ ಹುರುಳಿಕಾಯಿಬೀಜದ ಸಾರು, ಸಣ್ಣ ಒಣಮೀನು. 'ಬಾ ತಮ್ಮ, ಕೂತ್ಕೋ' ಅನ್ನುವ ದನಿಯಲ್ಲೇ ಒಬ್ಬ ಹಿರಿಯ ಗೈಡು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮೂಟೆಯ ತೂಕಕ್ಕೆ ಮಿತಿ ಇದೆ, ತೂಗಿಯೇ ಕೊಡುತ್ತಾರೆ. ದಯವಿಟ್ಟು ಅದನ್ನು ಮೀರಿಸಲು ಚೌಕಾಸಿ ಮಾಡಬೇಡಿ, ಟಿಪ್ಸ್ ಕೊಡುವುದಿದ್ದರೆ ಕೊನೆಯಲ್ಲಿ ಅವರವರ ಕೈಗೇ ಕೊಡಿ.

ಇನ್ನು ಪ್ರಶ್ನೆಗಳು.

ಯಾವ ತಿಂಗಳು ಹೋಗಬೇಕು? ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಇಲ್ಲವೇ ಜೂನ್‌ನಿಂದ ಆಗಸ್ಟ್. ಆಗ ಮಳೆ ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ.

ಕುಮಾರಪರ್ವತ ಹತ್ತಿದವರಿಗೆ ಆಗುತ್ತಾ? ಕುಮಾರಪರ್ವತ 1712 ಮೀಟರ್, ನ್ಯಾಕಲೆಂಗಿಜಾ ಹಳ್ಳಿಯಷ್ಟೇ ಎತ್ತರ. ಕಾಲಿಗೆ ಶಕ್ತಿ ಇದೆ ಅಂತ ಗೊತ್ತಾಗುತ್ತದೆ ಅಷ್ಟೆ, ತೆಳು ಗಾಳಿಗೆ ಅದು ಪರೀಕ್ಷೆಯಲ್ಲ. ಹಿಮಾಲಯದಲ್ಲಿ ನಾಲ್ಕು ಸಾವಿರ ಮೀಟರ್ ಮೇಲೆ ಒಮ್ಮೆ ಮಲಗಿ ಎದ್ದವರಾದರೆ ಒಳ್ಳೆಯದು. ತಲೆನೋವು, ವಾಂತಿ ಶುರುವಾದರೆ ಸುಮ್ನೆ ಮುಂದೆ ಹೋಗಬಾರದು, ಇಳಿಯಬೇಕು.

ಶಿಖರ ಬೇಡ ಅಂದರೆ ಹೋಗಬಹುದಾ? ನನ್ನನ್ನು ಕೇಳಿದರೆ ಹಾಗೇ ಹೋಗಿ. ಬುಜುಕುವರೆಗೆ ಹೋಗಿ ಬಂದರೂ ಬೆಟ್ಟದ ಮುಕ್ಕಾಲು ಭಾಗ ಸಿಕ್ಕಿದ ಹಾಗೆ. ಹಗ್ಗ, ಮುಳ್ಳಿನ ಬೂಟಿನ ಬಾಡಿಗೆಯೂ ಉಳಿಯುತ್ತದೆ.

ಸೂಜಿ ಏನಾದರೂ ಹಾಕಿಸಬೇಕಾ? ಹಳದಿ ಜ್ವರದ ಲಸಿಕೆ ಕಡ್ಡಾಯ, ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ. ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ, ಮೂಟೆಯ ತಳಕ್ಕೆ ಹಾಕಬೇಡಿ. ಅಲ್ಲಿ ಇಳಿದಾಗಲೂ ಕೇಳುತ್ತಾರೆ, ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ. ಕಾರ್ಡ್ ಇಲ್ಲ ಅಂದರೆ ಮನೆಗೆ ಬಿಡದೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಬಯಲಿನಲ್ಲಿ ಮಲೇರಿಯಾ ಇದೆ, ಅದರ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಗಮ್‌ಬೂಟು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಸಿಗುತ್ತದೆ. ಕಾಲುಚೀಲ ಮಾತ್ರ ಜಾಸ್ತಿ ಇಟ್ಟುಕೊಳ್ಳಿ.